ಸರಳೆ ವರಸೆಗೊಂದು ವಾದ್ಯವೃಂದ

ಪುರಂದರದಾಸರ ಹೆಸರಿನಲ್ಲಿ ನಮಗೆ ಬಂದಿರುವುದರಲ್ಲೆಲ್ಲ ಅತಿ ಹೆಚ್ಚು ಬಾಯಿಗಳಲ್ಲಿ ಹೊರಳಿದ್ದು ಯಾವ ದೇವರನಾಮವೂ ಇರಲಾರದು. ಅದು ಸರಳೆ ವರಸೆಯೇ ಇರಬೇಕು. ಕರ್ನಾಟಕ ಸಂಗೀತ ಕಲಿಯಲು ಕೂತ ಮಗು ಮೊದಲು ಹಾಡುವುದು ಅದನ್ನೇ. ಬಳ್ಳಾರಿಯ ಗಾಂಧಿನಗರದಲ್ಲೋ ಸತ್ಯನಾರಾಯಣ ಪೇಟೆಯಲ್ಲೋ ಸಂಜೆ ಪಾಠ ಹೇಳುವ ಮನೆಯಿದ್ದರೆ ಅಕ್ಕಪಕ್ಕದವರಿಗೂ ಅದು ಬಾಯಿಪಾಠ. ಕಲಿಯುವವರಲ್ಲಿ ಹೆಚ್ಚಿನವರು ಗೀತೆಗೋ ವರ್ಣಕ್ಕೋ ಬಂದು ನಿಂತುಬಿಡುತ್ತಾರೆ. ಮದುವೆಯಾಗಿ ಸಿರುಗುಪ್ಪಕ್ಕೋ ಕುರುಗೋಡಿಗೋ ಹೋದವರು ವರ್ಣವನ್ನು ಮರೆಯುತ್ತಾರೆ, ಸರಳೆಯನ್ನು ಮರೆಯುವುದಿಲ್ಲ. ಇಷ್ಟು ಜನರಿಗೆ ಗೊತ್ತಿರುವ ಸಂಗೀತವನ್ನು ವೇದಿಕೆಯ ಮೇಲೆ ಕೇಳಬೇಕೆಂದು ಮಾತ್ರ ಯಾರಿಗೂ ಅನ್ನಿಸಿದಂತಿಲ್ಲ. ಪಾಠ ಪಾಠವೇ, ಕಛೇರಿ ಕಛೇರಿಯೇ. ನಡುವೆ ಒಂದು ಬಾಗಿಲು, ಅದಕ್ಕೆ ಚಿಲಕ.

ಯುರೋಪಿನವರು ಈ ಚಿಲಕವನ್ನು ಬಹಳ ಹಿಂದೆಯೇ ತೆಗೆದರು. ದೊಡ್ಡ ವಾಗ್ಗೇಯಕಾರರು ವಿದ್ಯಾರ್ಥಿಗಳಾಗಿದ್ದಾಗ ಬರೆದ ಅಭ್ಯಾಸದ ಪುಸ್ತಕಗಳನ್ನು ಹುಡುಕಿ, ಅಚ್ಚುಹಾಕಿ, ಅವುಗಳಲ್ಲಿನ ಪಿಯಾನೊ ತುಣುಕುಗಳನ್ನು ಪಿಟೀಲು, ಕೊಳಲು, ಕೊಂಬು ಕಹಳೆಗಳಿಗೆ ಹಂಚಿ ನುಡಿಸುವುದು ಅಲ್ಲಿ ಒಂದು ಪದ್ಧತಿಯೇ ಆಗಿದೆ. 1764ರಲ್ಲಿ ಲಂಡನ್ನಿನ ಚೆಲ್ಸೀಯಲ್ಲಿ ತಂದೆ ಕಾಯಿಲೆ ಬಿದ್ದಿದ್ದಾಗ, ಸದ್ದು ಮಾಡಬಾರದೆಂದು ವಾದ್ಯ ಮುಟ್ಟಗೊಡದೆ ಕೂರಿಸಿದ್ದ ಎಂಟು ವರ್ಷದ ಮೊಜಾರ್ಟ್ ಒಂದು ಪುಸ್ತಕದ ತುಂಬ ಸಣ್ಣ ಸಣ್ಣ ರಚನೆಗಳನ್ನು ಗೀಚಿದ. ಅವನ್ನು ನಂತರದವರು ವಾದ್ಯವೃಂದಕ್ಕೆ ಹೊಂದಿಸಿದರು. ಬ್ರಿಟನ್ ಎಂಬ ಇಂಗ್ಲಿಷ್ ಸಂಗೀತಕಾರ ಒಂಬತ್ತರಿಂದ ಹನ್ನೆರಡನೆಯ ವಯಸ್ಸಿನೊಳಗೆ ತಾನು ಬರೆದಿದ್ದನ್ನೇ ತಿದ್ದಿ, 1934ರ ಹೊತ್ತಿಗೆ ತಂತಿವಾದ್ಯಗಳಿಗೆ ‘ಸಿಂಪಲ್ ಸಿಂಫನಿ’ ಮಾಡಿದ.

ಇವರಿಬ್ಬರಿಗಿಂತ ನನಗೆ ಇಷ್ಟವಾಗುವುದು ಆಂಟನ್ ಬ್ರುಕ್ನರ್‌ನ ಕಥೆ. ಆಸ್ಟ್ರಿಯಾದ ಲಿಂಜ್ ಊರಿನ ಪ್ರಧಾನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸ, ಊರಲ್ಲಿ ಮರ್ಯಾದೆ, ವಯಸ್ಸು ಮೂವತ್ತೇಳು. ಅಷ್ಟಿದ್ದೂ 1861ರಲ್ಲಿ ತನಗಿಂತ ಹತ್ತು ವರ್ಷ ಚಿಕ್ಕವನಾದ, ನಾಟಕಶಾಲೆಯಲ್ಲಿ ಸಂಗೀತ ನಡೆಸುತ್ತಿದ್ದ ಓಟ್ಟೊ ಕಿಟ್ಸ್ಲರ್ ಎಂಬುವನ ಬಳಿ ಮತ್ತೆ ಶಿಷ್ಯನಾಗಿ ಕೂತ. 1863ರವರೆಗೆ ಮಾಡಿದ ಅಭ್ಯಾಸಗಳೆಲ್ಲ ಒಂದು ದಪ್ಪ ಪುಸ್ತಕವಾಗಿ ಉಳಿದಿವೆ: ಪುಟ್ಟ ಪಿಯಾನೊ ತುಣುಕುಗಳು, ಹಾಡುಗಳು, ಒಂದು ತಂತಿ ಚತುಷ್ಟಯ. ಮುಂದೆ ಗಂಟೆಗಟ್ಟಲೆ ಸಿಂಫನಿ ಬರೆದವನು ಇಲ್ಲಿ ಎಂಟು ಸಾಲಿನ ನಡಿಗೆಯನ್ನು ಹೇಗೆ ಮುಗಿಸಬೇಕೆಂದು ತಡಕಾಡುವುದು ಕಣ್ಣಿಗೆ ಕಾಣುತ್ತದೆ. ಆ ತುಣುಕುಗಳನ್ನು ಈಗ ವಾದ್ಯವೃಂದಕ್ಕೆ ಏರಿಸುವವರಿಗೆ ಇರುವ ಆಸೆಯೂ ಅದೇ: ದೊಡ್ಡವನಾದ ಬ್ರುಕ್ನರ್ ಇದರಲ್ಲಿ ಎಲ್ಲಿ ಅಡಗಿದ್ದಾನೆ ನೋಡೋಣ.

ನಮ್ಮಲ್ಲಿ ಇಂಥ ಪುಸ್ತಕ ಸಿಗುವ ಮಾತೇ ಇಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುವ ವಿದ್ಯೆಯಲ್ಲಿ ತಪ್ಪು ಪಾಠ ಉಳಿಯುವುದಿಲ್ಲ. ಗುರು ತಿದ್ದಿದೊಡನೆ ಅದು ಗಾಳಿಗೆ ಹೋಯಿತು. ಶ್ರೀನಿವಾಸ ನಾಯಕ ಪುರಂದರದಾಸನಾಗುವ ಮೊದಲು ಯಾರ ಬಳಿ ಸ್ವರ ಕಲಿತ, ಹೇಗೆ ಕಲಿತ ಎನ್ನುವುದಕ್ಕೆ ಒಂದು ಗರಿಯೂ ಇಲ್ಲ. ಆದರೆ ನಮ್ಮ ಪರಂಪರೆ ಇನ್ನೊಂದು ವಿಚಿತ್ರ ಕೆಲಸ ಮಾಡಿದೆ. ಯುರೋಪಿನಲ್ಲಿ ಮಹಾವಾಗ್ಗೇಯಕಾರ ತಾನು ಕಲಿಯುವಾಗ ಮಾಡಿದ ಅಭ್ಯಾಸ ಉಳಿಯಿತು. ಇಲ್ಲಿ ಮಹಾವಾಗ್ಗೇಯಕಾರ ಬಾಲಕರಿಗೆಂದು ಮಾಡಿಕೊಟ್ಟ ಅಭ್ಯಾಸ ಉಳಿಯಿತು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ದಾಟು ವರಸೆಗಳು, ಏಳು ತಾಳದ ಅಲಂಕಾರಗಳು, ಮಲಹರಿಯ ಪಿಳ್ಳಾರಿ ಗೀತೆಗಳು ಎಂಬ ಈ ಕ್ರಮವನ್ನು ಹಾಕಿಕೊಟ್ಟವರು ದಾಸರು ಎಂದು ಸಂಗೀತಗಾರರೆಲ್ಲ ಒಪ್ಪುತ್ತಾರೆ, ಕರ್ನಾಟಕ ಸಂಗೀತ ಪಿತಾಮಹ ಎನ್ನುವುದೂ ಅದಕ್ಕೇ. ಕೈಬರಹದ ಸಾಕ್ಷಿ ಇದಕ್ಕಿಲ್ಲ, ನಂಬಿಕೆಯೇ ಆಧಾರ. ದಾಸರ ಕಾಲ ಸಂಪ್ರದಾಯದ ಪ್ರಕಾರ 1484ರಿಂದ 1564. ಅವರ ಬದುಕಿನ ಕೊನೆಯ ಭಾಗದಲ್ಲೇ, 1550ರಲ್ಲಿ, ಅದೇ ವಿಜಯನಗರದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದ. ಒಬ್ಬ ಪಂಡಿತರಿಗೆ ಮೇಳಗಳನ್ನು ಜೋಡಿಸಿಡುತ್ತಿದ್ದಾಗ ಇನ್ನೊಬ್ಬರು ಮಕ್ಕಳಿಗೆ ಸ್ವರ ಜೋಡಿಸುತ್ತಿದ್ದರು ಅನ್ನಿಸಿಕೊಳ್ಳಲು ಅಡ್ಡಿಯೇನಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವ ತನಕ ಹಂಪಿಯ ಪುರಂದರ ಮಂಟಪ ಬಳ್ಳಾರಿ ಜಿಲ್ಲೆಯದ್ದೇ ಆಗಿತ್ತು. ನಕ್ಷೆಯಲ್ಲಿ ಗೆರೆ ಎಳೆದದ್ದರಿಂದ ದಾಸರು ನಮ್ಮವರಲ್ಲ ಅಂತೇನೂ ಆಗಲಿಲ್ಲ.

ಅಭ್ಯಾಸದ ಪಾಠವನ್ನು ವೇದಿಕೆಗೆ ಏರಿಸಿದ ಯುರೋಪಿನ ಉದಾಹರಣೆಗಳಲ್ಲಿ ನಮಗೆ ತೀರ ಹತ್ತಿರದ್ದು ಮೊಜಾರ್ಟ್ ಅಲ್ಲ, ಬ್ರುಕ್ನರ್ ಅಲ್ಲ, ಚೆರ್ನಿ. ಬೀಥೋವನ್‌ನ ಶಿಷ್ಯನಾದ ಕಾರ್ಲ್ ಚೆರ್ನಿ ಪಿಯಾನೊ ಕಲಿಯುವವರ ಬೆರಳಿಗೆಂದು ಬರೆದ ವರಸೆಗಳನ್ನು ಇವತ್ತಿಗೂ ಲೋಕದ ಮಕ್ಕಳು ಶಪಿಸುತ್ತಲೇ ನುಡಿಸುತ್ತಾರೆ. 1948ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹೆರಾಲ್ಡ್ ಲ್ಯಾಂಡರ್ ಎಂಬ ನೃತ್ಯ ಸಂಯೋಜಕ ಆ ವರಸೆಗಳನ್ನೇ ಹಿಡಿದು ಒಂದು ಬ್ಯಾಲೆ ಕಟ್ಟಿದ. ಕ್ನುಡೋಗೆ ರೀಸಾಗರ್ ಎಂಬಾತ ಅವನ್ನು ಪೂರ್ತಿ ವಾದ್ಯವೃಂದಕ್ಕೆ ಬರೆದುಕೊಟ್ಟ. ನರ್ತಕಿಯರು ಗೋಡೆಯ ಕಂಬಿ ಹಿಡಿದು ಮಾಡುವ ದಿನನಿತ್ಯದ ವ್ಯಾಯಾಮದಿಂದ ನೃತ್ಯ ಶುರು, ಬೆರಳಿನ ವ್ಯಾಯಾಮದಿಂದ ಸಂಗೀತ ಶುರು. ಎರಡೂ ಹಂತಹಂತವಾಗಿ ಏರಿ ಕೊನೆಗೆ ಉತ್ಸವ. ಹೆಸರೂ ‘ಎಟ್ಯೂಡ್ಸ್’, ಅಭ್ಯಾಸಗಳು ಎಂದೇ. ಈ ಬ್ಯಾಲೆ ಇಂದಿಗೂ ರಂಗದ ಮೇಲಿದೆ.

ಸರಳೆಗೆ ಇದನ್ನು ಮಾಡಬಹುದೇ? ಮಾಡಬಹುದು. ಅಷ್ಟೇ ಅಲ್ಲ, ದಾಸರ ಹೆಸರಿನಲ್ಲಿರುವ ಎಲ್ಲದರಲ್ಲೂ ವಾದ್ಯವೃಂದಕ್ಕೆ ಅತ್ಯಂತ ಚೆನ್ನಾಗಿ ಒಗ್ಗುವುದು ಸರಳೆಯೇ ಎಂಬುದು ನನ್ನ ವಾದ. ದೇವರನಾಮಕ್ಕೆ ಪಿಟೀಲುಗಳ ದಂಡು ಕಟ್ಟಿ ಮಾಡಿರುವುದನ್ನು ಬೇಕಾದಷ್ಟು ಕೇಳಿದ್ದೇವೆ. ಹೆಚ್ಚಿನವುಗಳಲ್ಲಿ ಹಾಡು ಒಂದು ಕಡೆ, ಕೆಳಗೆ ಹಾಸಿದ ಸ್ವರಗಳ ಜಮಖಾನೆ ಇನ್ನೊಂದು ಕಡೆ. ಹಾಡಿನ ಗಾಂಧಾರ ಅಲುಗುತ್ತದೆ, ಜಮಖಾನೆಯ ಗಾಂಧಾರ ಅಲುಗುವುದಿಲ್ಲ. ಗಮಕ ಬಂದ ಕಡೆ ಹತ್ತು ಜನ ಒಟ್ಟಿಗೆ ನುಡಿಸುವುದು ಕಷ್ಟ, ಹತ್ತು ಜನ ಬೇರೆಬೇರೆ ಸ್ವರ ನುಡಿಸುವುದು ಇನ್ನೂ ಕಷ್ಟ. ಸರಳೆಯಲ್ಲಿ ಗಮಕವೇ ಇಲ್ಲ. ಮಗುವಿಗೆ ಸ್ವರಸ್ಥಾನ ನಿಲ್ಲಲಿ ಎಂದು ಅದನ್ನು ಬೋಳಾಗಿ, ನೇರವಾಗಿ ಹಾಡಿಸುತ್ತಾರೆ. ಈ ಬೋಳುತನವೇ ಅರೇಂಜ್ ಮಾಡುವವನಿಗೆ ಸಿಕ್ಕ ಭಾಗ್ಯ.

ಇದಕ್ಕಿಂತ ದೊಡ್ಡ ಭಾಗ್ಯ ಕಾಲದ ಲೆಕ್ಕದಲ್ಲಿದೆ. ಮೊದಲ ಸರಳೆಯನ್ನೇ ತೆಗೆದುಕೊಳ್ಳಿ, ಆದಿತಾಳ, ಎಂಟು ಅಕ್ಷರ. ಒಂದನೆಯ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೆಯ ಕಾಲದಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮಕ್ಕಳು ಇವನ್ನು ಒಂದಾದ ಮೇಲೊಂದು ಹಾಡುತ್ತಾರೆ. ಮೂರು ಗುಂಪು ಮಾಡಿ ಮೂರೂ ಕಾಲವನ್ನು ಒಟ್ಟಿಗೆ ಶುರು ಮಾಡಿಸಿದರೆ ಏನಾಗುತ್ತದೆ? ಮೊದಲ ಗುಂಪು ಆರೋಹಣ ಮುಗಿಸುವಷ್ಟರಲ್ಲಿ ಎರಡನೆಯದು ಹತ್ತಿ ಇಳಿದಿರುತ್ತದೆ, ಮೂರನೆಯದು ಎರಡು ಸಲ ಹತ್ತಿ ಎರಡು ಸಲ ಇಳಿದಿರುತ್ತದೆ. ಈಗ ಕೈಯಲ್ಲಿ ತಾಳ ಹಾಕುತ್ತ ಎಣಿಸಿ. ಪೆಟ್ಟಿನ ಮೇಲೆ ಮೂವರೂ ಷಡ್ಜ. ಕಿರುಬೆರಳು ದಾಟಿ ಉಂಗುರ ಬೆರಳಿಗೆ ಬಂದಾಗ ಒಂದನೆಯ ಕಾಲದವರು ಗಾಂಧಾರದಲ್ಲಿ, ಎರಡನೆಯವರು ಪಂಚಮದಲ್ಲಿ, ಮೂರನೆಯವರು ಮೇಲಿನ ಷಡ್ಜದಲ್ಲಿ ಇರುತ್ತಾರೆ. ಗ, ಪ, ಸ: ಪಾಶ್ಚಾತ್ಯರು ಮೇಜರ್ ಕಾರ್ಡ್ ಎನ್ನುವುದು ಇದನ್ನೇ. ಐದನೆಯ ಅಕ್ಷರ, ಅಂದರೆ ಮೊದಲ ದ್ರುತದ ಪೆಟ್ಟು ಬಿದ್ದಾಗ ಪಂಚಮ, ಮೇಲಿನ ಷಡ್ಜ, ಕೆಳಗಿನ ಷಡ್ಜ ಒಟ್ಟಿಗೆ ಕೇಳುತ್ತವೆ. ತಂಬೂರಿಯ ತಂತಿಗಳಲ್ಲಿ ಇರುವುದೇ ಅವು.

ಯಾರೂ ಕಾರ್ಡ್ ಹಾಕಲಿಲ್ಲ, ಯಾರೂ ಹೊರಗಿನಿಂದ ಒಂದು ಸ್ವರ ತರಲಿಲ್ಲ. ಪಾಠದ ಲೆಕ್ಕವೇ ತಾಳದ ಮುಖ್ಯ ಪೆಟ್ಟಿನ ಮೇಲೆ ಶ್ರುತಿಯನ್ನು ತಂದು ನಿಲ್ಲಿಸಿತು. ಇನ್ನು ನಡುವೆ ಒರಟು ಜಾಗಗಳೂ ಇವೆ, ಇರಲೇಬೇಕು. ನಾಲ್ಕನೆಯ ಅಕ್ಷರದಲ್ಲಿ ಮಧ್ಯಮಕ್ಕೆ ನಿಷಾದ ಅಡ್ಡ ಬರುತ್ತದೆ. ಆರರಲ್ಲಿ ಎರಡು ಗುಂಪು ಧೈವತದಲ್ಲಿದ್ದರೆ ಮೂರನೆಯದು ಪಕ್ಕದ ಪಂಚಮದಲ್ಲಿ ನಿಂತು ಕಚ್ಚುತ್ತದೆ. ಎರಡನೆಯ ಆವರ್ತದಲ್ಲಿ ಮೊದಲ ಗುಂಪು ಅವರೋಹಣಕ್ಕೆ ತಿರುಗುತ್ತದಲ್ಲ, ಆಗ ಅದೇ ಐದನೆಯ ಅಕ್ಷರದಲ್ಲಿ ಪಂಚಮದ ಬದಲು ಮಧ್ಯಮ, ಎರಡು ಕಡೆ ಷಡ್ಜ. ಪಂಚಮ ಶ್ರುತಿ ಹೋಗಿ ಮಧ್ಯಮ ಶ್ರುತಿ ಬಂದಂತೆ! ಯುರೋಪಿನ ಅರೇಂಜರ್ ತಲೆಕೆಡಿಸಿಕೊಂಡು ಬರೆಯುವ ಬಿಗಿತ ಸಡಿಲಿಕೆಗಳು ಇಲ್ಲಿ ಪುಕ್ಕಟೆ ಸಿಗುತ್ತವೆ. ಅವನು ಮಾಡಬೇಕಾದ್ದು ಯಾವ ಕಾಲವನ್ನು ಯಾವ ವಾದ್ಯಕ್ಕೆ ಕೊಡಬೇಕು ಎನ್ನುವುದು ಮಾತ್ರ. ಒಂದನೆಯ ಕಾಲ ಚೆಲ್ಲೊದಂಥ ದಪ್ಪ ದನಿಗೆ, ಎರಡನೆಯದು ಪಿಟೀಲಿಗೆ, ಮೂರನೆಯದು ಕೊಳಲಿಗೆ. ಇದರ ಮೇಲೆ ಇನ್ನೇನು ಸೇರಿಸಿದರೂ ಅದು ಅಧಿಕಪ್ರಸಂಗ.

ಮಾಯಾಮಾಳವಗೌಳವನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರ ಇದೆ. 15ನೆಯ ಮೇಳವಾದ ಇದರ ಪೂರ್ವಾಂಗವೂ ಉತ್ತರಾಂಗವೂ ಅಚ್ಚೊತ್ತಿದಂತೆ ಒಂದೇ. ಸ-ರಿ ಒಂದು ಮೆಟ್ಟಿಲು, ರಿ-ಗ ಮೂರು, ಗ-ಮ ಒಂದು. ಪ-ದ ಒಂದು, ದ-ನಿ ಮೂರು, ನಿ-ಸ ಒಂದು. ನಡುವೆ ಮ-ಪ ಎರಡು. ಈ ಸಾಲನ್ನು ಮೇಲಿನಿಂದ ಓದಿದರೂ ಕೆಳಗಿನಿಂದ ಓದಿದರೂ ಒಂದೇ. ಹಾಗಾಗಿ ಒಂದು ಗುಂಪು ಏರುವಾಗ ಇನ್ನೊಂದು ಗುಂಪು ಇಳಿದರೆ ಅದು ಕನ್ನಡಿಯಲ್ಲಿ ನೋಡಿದಷ್ಟು ನಿಖರ. ಬೇರೆ ಎಷ್ಟೋ ಮೇಳಗಳಲ್ಲಿ ಈ ಆಟ ಕೂಡಿಬರುವುದಿಲ್ಲ. ಮಗುವಿನ ಕೊರಳಿಗೆ ಸುಲಭವೆಂದೇ ಮೇಳವನ್ನು ಆರಿಸಿದರು ಎಂದು ಹೇಳುವುದುಂಟು. ವಾದ್ಯವೃಂದಕ್ಕೂ ಅದು ಸುಲಭವಾದದ್ದು ನಮ್ಮ ಅದೃಷ್ಟ.

ಜಂಟಿ ವರಸೆಗೆ ಬಂದಾಗ ಎಚ್ಚರ ಬೇಕು. ಕಾಗದದ ಮೇಲೆ ಅದು ಬರೀ ಜೋಡಿ ಸ್ವರ. ಹಾಡುವಾಗ ಎರಡನೆಯ ಸ್ವರವನ್ನು ಕೆಳಗಿನ ಸ್ವರದಿಂದ ಒಂದು ಪುಟ್ಟ ಏಟು ಕೊಟ್ಟು ಎತ್ತುತ್ತಾರೆ, ಸ್ಫುರಿತ. ಮಗುವಿನ ಕೊರಳಿಗೆ ಮೊದಲ ಗಮಕ ಹತ್ತುವುದೇ ಇಲ್ಲಿ. ಪಿಟೀಲಿನವರ ಬೆರಳಿಗೆ ಇದು ಸಹಜ. ಕ್ಲಾರಿನೆಟ್ಟಿನವರು, ಟ್ರಂಪೆಟ್ಟಿನವರು ನಾಲಿಗೆಯಲ್ಲಿ ಎರಡು ಸಲ ತಟ್ಟಿ ಮುಗಿಸಿಬಿಟ್ಟರೆ ಜಂಟಿ ಹೋಗಿ ಪೆರೇಡಿನ ಹೆಜ್ಜೆಯಾಗುತ್ತದೆ. ಜಂಟಿಯನ್ನು ಪೂರ್ತಿ ತಂತಿವಾದ್ಯಗಳಿಗೇ ಬಿಟ್ಟು ಊದುವವರಿಗೆ ಷಡ್ಜ ಪಂಚಮ ಹಿಡಿಯಲು ಹೇಳುವುದು ಮೇಲು.

ಆದರೆ ಊದುವ ವಾದ್ಯಕ್ಕೆ ನಮ್ಮ ಸಂಗೀತ ಬಾರದು ಎಂದು ಯಾರೂ ತಿಳಿಯಬೇಕಿಲ್ಲ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಂಗ್ಲಿಷ್ ಬ್ಯಾಂಡ್ ಒಂದು ಕಡೆ, ಕರ್ನಾಟಕ ಬ್ಯಾಂಡ್ ಇನ್ನೊಂದು ಕಡೆ ಇದ್ದವು. ಜರ್ಮನಿಯ ಓಟ್ಟೊ ಶ್ಮಿಟ್ ಬ್ಯಾಂಡ್ ನಡೆಸಿದರು. ವೀಣೆ ವೆಂಕಟಗಿರಿಯಪ್ಪನವರು ನಗ್ಮಾಗಳೆಂಬ ವಾದ್ಯರಚನೆಗಳನ್ನೇ ಮಾಡಿದರು. ಮುಂದೆ ದಕ್ಷಿಣ ಕನ್ನಡದ ಹುಡುಗನೊಬ್ಬ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ, ವರ್ಷಗಟ್ಟಲೆ ಒದ್ದಾಡಿ ಆ ಹಿತ್ತಾಳೆ ಕೊಳವೆಯಲ್ಲಿ ಗಮಕ ಹೊರಡಿಸಿದ. ಅವರೇ ಕದ್ರಿ ಗೋಪಾಲನಾಥ್ (1949–2019). ಎದುರು ದಿಕ್ಕಿನ ಪಯಣವೂ ನಡೆದಿದೆ. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕೋಟೆಯ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಕಟ್ಟಿದರು, ಆ ನೊಟ್ಟುಸ್ವರಗಳನ್ನು ಈಗ ಮಕ್ಕಳಿಗೆ ಪಾಠವಾಗಿಯೇ ಕಲಿಸುತ್ತಾರೆ. ಬ್ಯಾಂಡಿನ ನಡಿಗೆ ಪಾಠವಾಗಬಹುದಾದರೆ ಪಾಠವೇಕೆ ಬ್ಯಾಂಡಿಗೆ ಹೋಗಬಾರದು?

ಬಳ್ಳಾರಿಗೆ ಬ್ಯಾಂಡು ಹೊಸದಲ್ಲ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ದತ್ತ ಮಂಡಲದೊಂದಿಗೆ ಇದು ಇಂಗ್ಲಿಷರ ಕೈಸೇರಿ ದಂಡಿನ ಊರಾಯಿತು. ದಂಡು ಹೋದರೂ ಮದುವೆ ಮೆರವಣಿಗೆಗೆ ಬ್ಯಾಂಡ್ ಸೆಟ್ ಉಳಿಯಿತು. ನಾಟಕದ ಊರೂ ಹೌದು, ಬಳ್ಳಾರಿ ರಾಘವರ ಊರು. ಕಂಪನಿ ನಾಟಕ ಇದ್ದಲ್ಲಿ ಹಾರ್ಮೋನಿಯಂ, ನಮ್ಮ ಬಾಯಲ್ಲಿ ಪೇಟಿ, ಇರಲೇಬೇಕು. ಒಂದೇ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ಮಾಯಾಮಾಳವಗೌಳದ ಸರಳೆ, ಎದುರು ಮನೆಯಲ್ಲಿ ಹಿಂದೂಸ್ತಾನಿಯ ಬಿಲಾವಲ್ ಪಲ್ಟಾ ಕೇಳಿಬರುವುದು ಇಲ್ಲಿ ಯಾರಿಗೂ ಆಶ್ಚರ್ಯವಲ್ಲ, ಎರಡೂ ಪದ್ಧತಿಗಳ ಗಡಿ ನಮ್ಮ ಅಂಗಳದಲ್ಲೇ ಹಾದುಹೋಗುತ್ತದೆ. ಪಲ್ಟಾದವರು ಭೈರವ್ ಎನ್ನುವ ಸ್ವರಗಳೇ ಈ ಕಡೆಯ ಮಾಯಾಮಾಳವಗೌಳದ ಸ್ವರಗಳು. ಇಬ್ಬರನ್ನೂ ಒಂದೇ ವೃಂದದಲ್ಲಿ ಕೂರಿಸಲು ಬೇರೆ ಸಂಧಾನ ಬೇಕಿಲ್ಲ.

ಆದ್ದರಿಂದ ಲಂಡನ್ನಿನ ವಾದ್ಯವೃಂದಕ್ಕೆ ಬರೆಯುವ ಮೊದಲು ಇಲ್ಲಿರುವವರಿಗೆ ಬರೆಯುವುದು ಜಾಣತನ. ಬಳ್ಳಾರಿಯ ಪಾಠದ ಮನೆಗಳಿಂದ ಪಿಟೀಲು ಕೊಳಲು, ಮದುವೆ ಬ್ಯಾಂಡಿನಿಂದ ಕ್ಲಾರಿನೆಟ್, ಕುರುಗೋಡು ಸಿರುಗುಪ್ಪದ ಕಡೆಯ ಭಜನೆ ಮೇಳಗಳಿಂದ ಪೇಟಿ ಮತ್ತು ತಾಳ. ಪೇಟಿಯ ವಿಷಯದಲ್ಲಿ ಒಂದು ತಕರಾರು ಮೊದಲೇ ಎದ್ದೇಳುತ್ತದೆ. ಕಾರ್ಖಾನೆಯಿಂದ ಬಂದ ಪೇಟಿಯಲ್ಲಿ ಷಡ್ಜಕ್ಕೂ ಅಂತರ ಗಾಂಧಾರಕ್ಕೂ ನಡುವೆ 400 ಸೆಂಟ್. ತಂಬೂರಿಯ ಷಡ್ಜದ ತಂತಿಯಿಂದ ತಾನೇ ಹುಟ್ಟುವ ಗಾಂಧಾರ 386 ಸೆಂಟ್. ಉಂಗುರ ಬೆರಳಿನ ಆ ಗ-ಪ-ಸ ಬಂದಾಗ ಪೇಟಿಯೂ ತಂಬೂರಿಯೂ ಒಟ್ಟಿಗಿದ್ದರೆ ಗಾಂಧಾರ ಎರಡಾಗಿ ಸೀಳುವುದು ಕಿವಿಯಿದ್ದವರಿಗೆ ಗೊತ್ತಾಗುತ್ತದೆ. ಪೇಟಿಗೆ ಎರಡನೆಯ ಕಾಲ ಕೊಟ್ಟುಬಿಟ್ಟರೆ ಆ ಹೊತ್ತಿಗೆ ಅದು ಪಂಚಮದಲ್ಲಿರುತ್ತದೆ, ಗಾಂಧಾರ ತಂತಿವಾದ್ಯದ ಪಾಲಾಗುತ್ತದೆ. ಪಂಚಮದಲ್ಲಿ ಪೇಟಿಗೂ ತಂಬೂರಿಗೂ ಜಗಳ ಎರಡೇ ಸೆಂಟ್.

ಮುಂದಿನ ಮೆಟ್ಟಿಲು ಗೀತೆ. ಮಲಹರಿ ಮಾಯಾಮಾಳವಗೌಳದ್ದೇ ಜನ್ಯ, ಆದರೆ ನಿಷಾದವನ್ನು ಪೂರ್ತಿ ಬಿಟ್ಟುಬಿಡುತ್ತದೆ. ಏರುವಾಗ ಗಾಂಧಾರವನ್ನೂ ಬಿಡುತ್ತದೆ. ಸರಳೆಯ ಮೂರು ಕಾಲ ಕೂಡಿದಾಗ ಮಧ್ಯಮಕ್ಕೆ ಅಡ್ಡಬಂದ ಸ್ವರ ಯಾವುದು, ನಿಷಾದವಲ್ಲವೇ? ಆ ಒರಟು ಇಲ್ಲಿ ಹುಟ್ಟುವಂತೆಯೇ ಇಲ್ಲ. ಪಿಳ್ಳಾರಿ ಗೀತೆಗಳು ಗಣಪತಿಯನ್ನೂ ಶಿವನನ್ನೂ ವಿಷ್ಣುವನ್ನೂ ನೆನೆಯುತ್ತವೆ. ರೂಪಕದಲ್ಲಿ ಕೆಲವು, ತ್ರಿಪುಟದಲ್ಲಿ ಕೆಲವು. ಮಾತು ಬಂದ ಮೇಲೆ ಮೂರು ಕಾಲದ ಆಟ ನಿಲ್ಲಿಸಬೇಕು. ಸಾಹಿತ್ಯವನ್ನು ಮಕ್ಕಳು ಹಾಡಲಿ, ವಾದ್ಯಗಳು ಜೊತೆಗಿರಲಿ, ಅಷ್ಟು ಸಾಕು. ಅರೇಂಜರ್‌ಗೆ ಇಲ್ಲಿ ಕೈ ತುರಿಸುತ್ತದೆ, ತಡೆದುಕೊಳ್ಳಬೇಕು.

ಕೈಚಳಕ ತೋರಿಸಲೇಬೇಕು ಎನ್ನುವವರಿಗೆ ಅಲಂಕಾರಗಳಿವೆ. ಇವುಗಳ ಏಳು ತಾಳಗಳು ಹರಿದಾಸರ ಸುಳಾದಿಗಳಲ್ಲಿ ಬಳಕೆಯಾದವು. ಸುಳಾದಿಯ ಮೇಲೆ ಈ ಸೀಮೆಗೆ ಹಕ್ಕೂ ಇದೆ: ಪುರಂದರದಾಸರನ್ನೇ ಗುರುವೆಂದು ಕೊಂಡಾಡಿದ, ಸುಳಾದಿಗೇ ಹೆಸರಾದ ವಿಜಯದಾಸರು ಕೊನೆಗೆ ನೆಲೆಸಿದ ಚಿಪ್ಪಗಿರಿ 1953ರವರೆಗೆ ಬಳ್ಳಾರಿ ಜಿಲ್ಲೆಯ ಆಲೂರು ತಾಲ್ಲೂಕಿನದ್ದು, ಈಗ ಆಂಧ್ರದಲ್ಲಿದೆ. ಪಾಠದಲ್ಲಿ ಹೇಳಿಕೊಡುವ ಅಲಂಕಾರಗಳ ಅಳತೆ ಹೀಗೆ: ಧ್ರುವ 14 ಅಕ್ಷರ, ಮಠ್ಯ 10, ರೂಪಕ 6, ಝಂಪೆ 10, ತ್ರಿಪುಟ 7, ಅಟ್ಟ 14, ಏಕ 4. ಏಳು ಗುಂಪು ಕೂರಿಸಿ ಏಳನ್ನೂ ಒಂದೇ ಕ್ಷಣಕ್ಕೆ ಎತ್ತಿಕೊಟ್ಟರೆ, ಏಳೂ ಮತ್ತೆ ಒಂದೇ ಪೆಟ್ಟಿಗೆ ಬಂದು ಸೇರುವುದು 420 ಅಕ್ಷರ ಆದ ಮೇಲೆ. ಅಷ್ಟರಲ್ಲಿ ಧ್ರುವದವರು 30 ಆವರ್ತ ಮುಗಿಸಿರುತ್ತಾರೆ, ತ್ರಿಪುಟದವರು 60, ರೂಪಕದವರು 70, ಏಕತಾಳದ ಬಡಪಾಯಿಗಳು 105. ಸೆಕೆಂಡಿಗೊಂದು ಅಕ್ಷರ ಹಿಡಿದರೆ ಸರಿಯಾಗಿ ಏಳು ನಿಮಿಷ. ಸ್ವರ ನುಡಿಸುವವರು ನಡುವೆ ದಾರಿ ತಪ್ಪದಂತೆ ಪ್ರತಿ ಗುಂಪಿಗೂ ಒಬ್ಬ ತಾಳದವನನ್ನು ಕೂರಿಸಬೇಕು, ಮತ್ತು ಆ ಏಳು ಮಂದಿಯೂ ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಕೂತಿರಬೇಕು. ಪಕ್ಕದವನ ಕೈ ನೋಡಿದರೆ ಲೆಕ್ಕ ಕೆಟ್ಟಿತೆಂದೇ ಅರ್ಥ.